ಕೆರೆನ್ ಹಪ್ಪೂಕ್: ಯೋಬನ ಮೂರನೇ ಮಗಳ ಹೆಸರು

ಜೆಮಿಮಾ ಅನ್ನುವ ಹೆಸರು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. 2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ವಿಶ್ವಕಪ್ ಸೆಮಿಫೈನಲ್. ಎದುರಿಗೆ ಆಸ್ಟ್ರೇಲಿಯಾ, ಗುರಿ 339. ಜೆಮಿಮಾ ರಾಡ್ರಿಗಸ್ ಔಟಾಗದೆ 127 ರನ್ ಹೊಡೆದು ಪಂದ್ಯ ಗೆಲ್ಲಿಸಿಕೊಟ್ಟರು. ಆ ಹೆಸರು ಇಡೀ ಬೈಬಲ್ಲಿನಲ್ಲಿ ಬರುವುದು ಒಂದೇ ಒಂದು ಕಡೆ. ಯೋಬನ ಗ್ರಂಥದ ಕೊನೆಯ ಅಧ್ಯಾಯ, 42ನೆಯದು, 14ನೇ ವಚನ. ಅದೇ ವಚನದಲ್ಲಿ ಇನ್ನೂ ಎರಡು ಹೆಸರಿವೆ. ಯೋಬನಿಗೆ ಮೂವರು ಹೆಣ್ಣುಮಕ್ಕಳು. ಕನ್ನಡ ಸತ್ಯವೇದದಲ್ಲಿ ಅವರು ಯೆಮೀಮ, ಕೆಚೀಯ, ಕೆರೆನ್ ಹಪ್ಪೂಕ್.

ದೊಡ್ಡವಳ ಹೆಸರು, ನಡುವಿನವಳ ಹೆಸರು ಲೋಕ ಸುತ್ತಿದವು. ಜೆಮಿಮಾ, ಕೆಜಿಯಾ ಅಂತ ನಮ್ಮ ಊರುಗಳಲ್ಲೂ ಕೇಳುತ್ತೇವೆ. ಕಿರಿಯವಳ ಹೆಸರು ಹಿಂದೆ ಉಳಿಯಿತು. ಚರ್ಚಿನ ಪ್ರಸಂಗಗಳಲ್ಲಿ ಅದನ್ನು ಓದಿ ಹಾಗೇ ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಇವತ್ತು ಅಲ್ಲೇ ನಿಲ್ಲಬೇಕು ಅಂದುಕೊಂಡಿದ್ದೇನೆ. ಯೋಬನ ಗೋಳಿಗೆಲ್ಲ ಒಂದು ಉತ್ತರ ಆ ಹೆಸರಿನಲ್ಲಿದೆ ಅಂತ ನಾನು ನಂಬಿದ್ದೇನೆ.

ಬೈಬಲ್ ಓದದವರೂ ಇಲ್ಲಿದ್ದೀರಿ. ಅವರಿಗಾಗಿ ಕಥೆ ಚಿಕ್ಕದಾಗಿ ಹೇಳುತ್ತೇನೆ. ಊಚ್ ಅನ್ನುವ ದೇಶದಲ್ಲಿ ಯೋಬ ಎಂಬ ಒಳ್ಳೆಯ ಮನುಷ್ಯ. 7,000 ಕುರಿ, 3,000 ಒಂಟೆ, 500 ಜೋಡಿ ಎತ್ತು, 500 ಕತ್ತೆ. ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಒಂದೇ ದಿನ ಎಲ್ಲ ಹೋಯಿತು. ಮಕ್ಕಳು ಊಟಕ್ಕೆ ಕೂತಿದ್ದ ಮನೆ ಬಿರುಗಾಳಿಗೆ ಕುಸಿದು ಹತ್ತೂ ಜನ ಸತ್ತರು. ಆಮೇಲೆ ಮೈತುಂಬ ಹುಣ್ಣು. ಬೂದಿಯಲ್ಲಿ ಕೂತು ಮಡಕೆ ಚೂರಿನಿಂದ ಮೈ ಕೆರೆದುಕೊಂಡ. ಸಮಾಧಾನ ಹೇಳಲು ಬಂದ ಗೆಳೆಯರು, ನೀನು ಏನೋ ಪಾಪ ಮಾಡಿರಬೇಕು ಅಂತ ವಾದಕ್ಕೆ ನಿಂತರು. ಗ್ರಂಥದ ಬಹುಪಾಲು ಆ ವಾದವೇ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬನಿಗೆ ಎಲ್ಲ ಮರಳಿ ಸಿಗುತ್ತದೆ.

ಆ ಮರಳಿ ಸಿಕ್ಕಿದ್ದರ ಲೆಕ್ಕ ಒಮ್ಮೆ ನೋಡಿ. ಕುರಿ 14,000. ಒಂಟೆ 6,000. ಎತ್ತು 1,000 ಜೋಡಿ. ಕತ್ತೆ 1,000. ಎಲ್ಲ ಎರಡರಷ್ಟು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು, ಮೂರು ಹೆಣ್ಣು. ಮಕ್ಕಳನ್ನು ಎರಡರಷ್ಟು ಮಾಡಿ ಕೊಟ್ಟುಬಿಟ್ಟರೆ ಸತ್ತವರ ಲೆಕ್ಕ ತೀರಿತು ಅಂತ ಆಗುತ್ತಿತ್ತು. ಬರೆದವನು ಹಾಗೆ ಮಾಡಲಿಲ್ಲ. ಮಕ್ಕಳನ್ನು ಕಳೆದುಕೊಂಡ ಯಾವ ಮನೆಯವರಿಗೂ ಇದು ಯಾಕೆ ಅಂತ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗಮನಿಸಿ. ಮೊದಲ ಹತ್ತು ಮಕ್ಕಳಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಎರಡನೇ ಸಲ ಹುಟ್ಟಿದ ಏಳು ಗಂಡುಮಕ್ಕಳ ಹೆಸರೂ ಗೊತ್ತಿಲ್ಲ. ಯೋಬನ ಹೆಂಡತಿಯ ಹೆಸರೂ ಇಲ್ಲ. ಹೆಸರು ಬರೆದಿರುವುದು ಈ ಮೂರು ಹುಡುಗಿಯರದು ಮಾತ್ರ. ಇಂಥವನು ಇಂಥವನನ್ನು ಪಡೆದನು ಅಂತ ಗಂಡುಮಕ್ಕಳ ವಂಶಾವಳಿಯನ್ನೇ ಪುಟಗಟ್ಟಲೆ ಕೊಡುವ ಪುಸ್ತಕದಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಈಗ ಹೆಸರಿಗೆ ಬರೋಣ. ಹೀಬ್ರೂವಿನಲ್ಲಿ ಕೆರೆನ್ ಅಂದರೆ ಕೊಂಬು. ಪೂಕ್ ಅಂದರೆ ಕಣ್ಣಿಗೆ ಹಚ್ಚುವ ಕಪ್ಪು ಪುಡಿ. ನಡುವೆ ಇರುವ ಹ ಒಂದು ಪ್ರತ್ಯಯ. ಒಟ್ಟು ಸೇರಿಸಿದರೆ ಕಣ್ಣುಗಪ್ಪಿನ ಕೊಂಬು, ಅಂದರೆ ಕಣ್ಣುಗಪ್ಪು ತುಂಬಿಟ್ಟ ಕೊಂಬು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾಡಿಗೆ ಭರಣಿ.

ಆ ಕಾಲದಲ್ಲಿ ಟೊಳ್ಳು ಕೊಂಬು ಒಂದು ಪಾತ್ರೆ. ಸಮುವೇಲನು ದಾವೀದನಿಗೆ ರಾಜ್ಯಾಭಿಷೇಕದ ಎಣ್ಣೆ ಹೊಯ್ದದ್ದು ಕೊಂಬಿನಿಂದಲೇ. ಇನ್ನು ಆ ಕಪ್ಪು ನಮ್ಮ ದೀಪದ ಮಸಿಯ ಕಾಡಿಗೆಯಂಥದಲ್ಲ. ನಮ್ಮ ಮನೆಗಳಲ್ಲಿ ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಟ್ಟೆ ಬೋರಲು ಹಾಕಿ, ಅಂಟಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲೆಸುತ್ತಿದ್ದರು. ಅವರದು ಕಲ್ಲು. ಹೊಳೆಯುವ ಕಪ್ಪು ಅದಿರನ್ನು ನುಣ್ಣಗೆ ಅರೆದ ಪುಡಿ. ಆಂಟಿಮನಿ ಅಂತ ನಿಘಂಟುಗಳು ಹೇಳುತ್ತವೆ. ಹಳೆಯ ಈಜಿಪ್ಟಿನ ಸಮಾಧಿಗಳಲ್ಲಿ ಸಿಕ್ಕಿದ ಕಣ್ಣುಗಪ್ಪಿನಲ್ಲಿ ಜಾಸ್ತಿ ಇರುವುದು ಗೆಲೀನಾ, ಅಂದರೆ ಸೀಸದ ಅದಿರು. ಮೊಂಡು ತುದಿಯ ಸಣ್ಣ ಕಡ್ಡಿಯನ್ನು ಪುಡಿಗೆ ಅದ್ದಿ, ರೆಪ್ಪೆ ಮುಚ್ಚಿಕೊಂಡು ನಡುವೆ ಎಳೆಯಬೇಕು. ಶಿವಾಜಿನಗರದ ಅತ್ತರ್ ಅಂಗಡಿಗಳಲ್ಲಿ ಸುರ್ಮಾ ಕೊಂಡವರಿಗೆ ಆ ಕಡ್ಡಿ ಗೊತ್ತಿರುತ್ತದೆ. ನಮ್ಮ ಹಳೆಯ ಮಾತಿನಲ್ಲಿ ಇದೇ ಅಂಜನ. ಅಂಜನಾ ಅಂತ ನಾವು ಹೆಣ್ಣುಮಕ್ಕಳಿಗೆ ಹೆಸರಿಡುತ್ತೇವೆ. ಆನೆಗುಂದಿಯ ಪಕ್ಕದ ಬೆಟ್ಟ ಅಂಜನಾದ್ರಿ. ಹಾಗಾಗಿ ಕಣ್ಣುಗಪ್ಪನ್ನು ಹೆಸರಾಗಿ ಇಡುವುದು ನಮಗೆ ವಿಚಿತ್ರ ಅನ್ನಿಸಬಾರದು.

ಆದರೆ ಪ್ರಸಂಗ ಮಾಡುವವರಿಗೆ ಇಲ್ಲಿ ಮುಜುಗರ. ಯಾಕೆ ಅಂದರೆ ಈಜೆಬೆಲ್, ಬೈಬಲ್ಲಿನಲ್ಲಿ ಕೆಟ್ಟವಳು ಅಂತ ಹೆಸರಾದ ರಾಣಿ. ಹೀಬ್ರೂ ಬೈಬಲ್ಲಿನಲ್ಲಿ ಈ ಹೆಸರು ಬಿಟ್ಟರೆ ಪೂಕ್ ಇನ್ನು ನಾಲ್ಕು ಕಡೆ ಬರುತ್ತದೆ. ಎರಡು ಕಡೆ ಅದಕ್ಕೆ ಕೆಟ್ಟ ಹೆಸರು. ತನ್ನನ್ನು ಕೊಲ್ಲಲು ಸೇನಾಪತಿ ಯೇಹು ಬರುತ್ತಿದ್ದಾನೆ ಅಂತ ಗೊತ್ತಾದಾಗ ಈಜೆಬೆಲ್ ಕಣ್ಣಿಗೆ ಪೂಕ್ ಹಚ್ಚಿ, ತಲೆ ಬಾಚಿಕೊಂಡು, ಕಿಟಕಿಯಲ್ಲಿ ನಿಂತಳು. ಪ್ರವಾದಿ ಯೆರೆಮೀಯನು ಯೆರೂಸಲೇಮ್ ನಗರವನ್ನು ಬೈಯುವಾಗ, ಕಣ್ಣಿಗೆ ಕಪ್ಪು ಹಚ್ಚಿಕೊಂಡು ಏನು ಪ್ರಯೋಜನ, ನಿನ್ನ ನಲ್ಲರು ನಿನ್ನನ್ನು ತಿರಸ್ಕರಿಸಿದ್ದಾರೆ ಅನ್ನುತ್ತಾನೆ. ಈ ಎರಡನ್ನು ಓದಿದವರು, ಯೋಬನಂಥ ದೈವಭಕ್ತ ಮಗಳಿಗೆ ಸಿಂಗಾರದ ಡಬ್ಬಿಯ ಹೆಸರಿಟ್ಟನಾ ಅಂತ ಹಿಂಜರಿಯುತ್ತಾರೆ.

ಉಳಿದ ಎರಡು ಕಡೆಯನ್ನೂ ಓದಬೇಕು. ಪೂರ್ವಕಾಲವೃತ್ತಾಂತದಲ್ಲಿ ದಾವೀದನು ದೇವಾಲಯಕ್ಕಾಗಿ ಕೂಡಿಟ್ಟ ಬೆಲೆಬಾಳುವ ವಸ್ತುಗಳ ಪಟ್ಟಿಯಲ್ಲಿ ಪೂಕ್ ಕಲ್ಲುಗಳಿವೆ. ಯೆಶಾಯನ 54ನೇ ಅಧ್ಯಾಯದಲ್ಲಿ ದೇವರು ಹಾಳುಬಿದ್ದ ನಗರಕ್ಕೆ ಮಾತು ಕೊಡುತ್ತಾನೆ. ನೊಂದವಳೇ, ಬಿರುಗಾಳಿಗೆ ಸಿಕ್ಕಿದವಳೇ, ಯಾರೂ ಸಂತೈಸದವಳೇ, ನಿನ್ನ ಕಲ್ಲುಗಳನ್ನು ಪೂಕ್‌ನಲ್ಲಿ ಕೂರಿಸುತ್ತೇನೆ ಅನ್ನುವ ಅರ್ಥದ ಮಾತು ಅದು. ಬಿದ್ದುಹೋದ ಗೋಡೆ ಮತ್ತೆ ಏಳುತ್ತದೆ, ಕಲ್ಲಿಗೆ ಕಲ್ಲು ಸೇರಿಸುವ ಗಾರೆಯೇ ಕಣ್ಣುಗಪ್ಪು. ಗಾಳಿಗೆ ಮನೆ ಬಿದ್ದು ಮಕ್ಕಳನ್ನು ಕಳೆದುಕೊಂಡವನ ಮಗಳ ಹೆಸರಿನಲ್ಲಿ ಇದೇ ಪೂಕ್ ಇದೆ ಅನ್ನುವುದನ್ನು ಮರೆಯಬೇಡಿ.

ಕೊಂಬಿನ ವಿಷಯಕ್ಕೆ ಬರುತ್ತೇನೆ. ಹೀಬ್ರೂವಿನಲ್ಲಿ ಕೊಂಬು ಅಂದರೆ ಬಲ, ಮಾನ, ತಲೆ ಎತ್ತಿ ನಡೆಯುವ ಧೈರ್ಯ. ಮಕ್ಕಳಿಲ್ಲದ ಹನ್ನಳಿಗೆ ಮಗು ಹುಟ್ಟಿದಾಗ, ನನ್ನ ಕೊಂಬು ಎತ್ತರವಾಯಿತು ಅಂತ ಹಾಡುತ್ತಾಳೆ. ನಾವು ಇದನ್ನು ಬೈಗುಳದ ಕಡೆಯಿಂದ ಬಳಸುತ್ತೇವೆ. ಅವನಿಗೇನು ಎರಡು ಕೊಂಬಿದೆಯಾ ಅನ್ನುತ್ತೇವಲ್ಲ. ಅವರಿಗೆ ಅದು ಹೆಮ್ಮೆಯ ಮಾತು. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ ಹೇಳಬೇಕು. ಇದೇ ಅಕ್ಷರಗಳ ಕ್ರಿಯಾಪದಕ್ಕೆ ಹೊಳೆಯುವುದು ಅನ್ನುವ ಅರ್ಥವೂ ಇದೆ. ಮೋಶೆ ಸೀನಾಯಿ ಬೆಟ್ಟದಿಂದ ಇಳಿದು ಬಂದಾಗ ಅವನ ಮುಖ ಹೊಳೆಯುತ್ತಿತ್ತು ಅಂತ ವಿಮೋಚನಕಾಂಡ ಹೇಳುತ್ತದೆ. ಜೆರೋಮ್ ಲ್ಯಾಟಿನ್‌ಗೆ ಅನುವಾದಿಸುವಾಗ ಮುಖಕ್ಕೆ ಕೊಂಬಿತ್ತು ಅಂತ ಬರೆದ. ಅದಕ್ಕೇ ರೋಮಿನಲ್ಲಿ ಮೈಕೆಲೇಂಜೆಲೊ ಕೆತ್ತಿದ ಮೋಶೆಯ ತಲೆಯ ಮೇಲೆ ಎರಡು ಕೊಂಬಿವೆ. ಇಸ್ರೇಲಿನಲ್ಲಿ ಇವತ್ತು ಕೆರೆನ್ ಅಂತಷ್ಟೇ ಹೆಸರಿಡುವವರು ಅದನ್ನು ಬೆಳಕಿನ ಕಿರಣ ಅನ್ನುವ ಅರ್ಥದಲ್ಲಿ ಇಡುತ್ತಾರೆ. ಇಂಗ್ಲಿಷಿನವರ ಕರೆನ್ ಬೇರೆ. ಅದು ಕ್ಯಾಥರೀನ್ ಅನ್ನುವುದರ ಡೇನಿಷ್ ರೂಪ. ಎರಡನ್ನೂ ಒಂದೇ ಅಂದುಕೊಳ್ಳಬಾರದು.

ಈಗ ನನಗೆ ತುಂಬ ಮುಖ್ಯ ಅನ್ನಿಸಿದ ಜಾಗಕ್ಕೆ ಬಂದಿದ್ದೇನೆ. ಯೋಬನ 16ನೇ ಅಧ್ಯಾಯ ತೆಗೆಯಿರಿ. 15 ಮತ್ತು 16ನೇ ವಚನ. ಬೂದಿಯಲ್ಲಿ ಕೂತ ಯೋಬ ತನ್ನ ಸ್ಥಿತಿ ಹೇಳಿಕೊಳ್ಳುತ್ತಿದ್ದಾನೆ. ಗೋಣಿತಟ್ಟನ್ನು ಚರ್ಮಕ್ಕೇ ಹೊಲಿದುಕೊಂಡಿದ್ದೇನೆ, ನನ್ನ ಕೊಂಬನ್ನು ಮಣ್ಣಿಗೆ ತುರುಕಿದ್ದೇನೆ, ಅತ್ತು ಅತ್ತು ಮುಖ ಕೆಂಪಾಗಿದೆ, ನನ್ನ ರೆಪ್ಪೆಗಳ ಮೇಲೆ ಸಾವಿನ ಕತ್ತಲೆ ಕವಿದಿದೆ. ಇದು ಆ ಸಾಲುಗಳ ತಾತ್ಪರ್ಯ. ಹೀಬ್ರೂವಿನಲ್ಲಿ ಅಲ್ಲಿರುವುದು ಇದೇ ಕೆರೆನ್. ಮಣ್ಣಿಗೆ ಬಿದ್ದ ಕೊಂಬು, ಪಕ್ಕದಲ್ಲೇ ಕಪ್ಪಾದ ರೆಪ್ಪೆ. ಎಲ್ಲ ಮುಗಿದ ಮೇಲೆ ಅವನು ಮಗಳಿಗೆ ಇಟ್ಟ ಹೆಸರಿನಲ್ಲಿ ಕೊಂಬು ಮತ್ತು ರೆಪ್ಪೆಯ ಕಪ್ಪು ಜೊತೆಯಾಗಿ ಬರುತ್ತವೆ. ಮಣ್ಣಿನಲ್ಲಿದ್ದ ಕೊಂಬು ಎದ್ದಿದೆ. ರೆಪ್ಪೆಯ ಮೇಲೆ ಈಗಲೂ ಕಪ್ಪು ಇದೆ, ಆದರೆ ಅದು ಒಬ್ಬ ಹುಡುಗಿ ಹಬ್ಬಕ್ಕೆ ಹಚ್ಚಿಕೊಂಡ ಕಪ್ಪು.

ಅಕ್ಕಂದಿರ ಹೆಸರನ್ನೂ ಹೀಗೇ ಓದಿ ನೋಡಿ. 3ನೇ ಅಧ್ಯಾಯದಲ್ಲಿ ಯೋಬ ಬಾಯಿ ಬಿಟ್ಟ ಕೂಡಲೇ ಮಾಡುವುದು ತಾನು ಹುಟ್ಟಿದ ದಿನಕ್ಕೆ ಶಾಪ ಹಾಕುವುದು. ಆ ದಿನ ಕತ್ತಲಾಗಲಿ ಅನ್ನುತ್ತಾನೆ. ಯೆಮೀಮ ಅಂದರೆ ಅರಬ್ಬಿಯ ಸಂಬಂಧ ಹಿಡಿದು ಪಾರಿವಾಳ ಅನ್ನುವವರಿದ್ದಾರೆ. ಆದರೆ ಹಳೆಯ ಗ್ರೀಕ್ ಅನುವಾದಕರು, ಜೆರೋಮ್, ಯಹೂದಿ ರಬ್ಬಿಗಳು ಎಲ್ಲರೂ ಅದರಲ್ಲಿ ಕೇಳಿಸಿಕೊಂಡಿದ್ದು ಯೋಮ್, ಅಂದರೆ ದಿನ, ಹಗಲು. 19ನೇ ಅಧ್ಯಾಯದಲ್ಲಿ ಯೋಬ, ನನ್ನ ಉಸಿರು ಹೆಂಡತಿಗೇ ಹೇಸಿಗೆಯಾಗಿದೆ ಅಂತ ನೊಂದುಕೊಳ್ಳುತ್ತಾನೆ. ಕೆಚೀಯ ಅಂದರೆ ಚಕ್ಕೆಯ ಜಾತಿಯ ಸುವಾಸನೆಯ ತೊಗಟೆ. ರಾಜನ ಬಟ್ಟೆಗಳಿಗೆ ಆ ಘಮ ಇತ್ತು ಅಂತ 45ನೇ ಕೀರ್ತನೆ ಹಾಡುತ್ತದೆ. ಶಪಿಸಿದ ದಿನ, ಹೇಸಿಗೆಯಾದ ಉಸಿರು, ಕತ್ತಲು ಕವಿದ ರೆಪ್ಪೆ. ಹಗಲು, ಘಮ, ಕಣ್ಣುಗಪ್ಪು. ಇದು ನನ್ನ ಓದು, ಒಪ್ಪದವರು ಇರಬಹುದು. ಆದರೆ ಅಷ್ಟು ಹುಷಾರಾಗಿ ಪದ್ಯ ಕಟ್ಟಿದ ಕವಿ ಕೊನೆಗೆ ಮೂರು ಹೆಸರನ್ನು ಸುಮ್ನೆ ಇಟ್ಟ ಅಂತ ನನಗಂತೂ ಅನ್ನಿಸುವುದಿಲ್ಲ.

ಹಳೆಯ ಅನುವಾದಕರು ಈ ಹೆಸರುಗಳ ಅರ್ಥವನ್ನೇ ಅನುವಾದಿಸಿದರು. ಜೆರೋಮ್ ಕಾರ್ನು ಸ್ಟಿಬಿಯೈ ಅಂತ ಹಾಕಿದ, ಕಣ್ಣುಗಪ್ಪಿನ ಕೊಂಬು ಅಂತಲೇ. ಗ್ರೀಕ್‌ನವರು ಮಾತ್ರ ಆಶ್ಚರ್ಯದ ಕೆಲಸ ಮಾಡಿದರು. ಅವರ ಪುರಾಣದಲ್ಲಿ ಮಗು ಜ್ಯೂಸ್‌ಗೆ ಹಾಲೂಡಿಸಿದ ಆಡು ಅಮಾಲ್ಥಿಯಾ. ಅದರ ಕೊಂಬು ಬೇಡಿದ್ದನ್ನೆಲ್ಲ ಕೊಡುವ ಅಕ್ಷಯ ಕೊಂಬು. ಕೆರೆನ್ ಹಪ್ಪೂಕ್ ಗ್ರೀಕ್ ಬೈಬಲ್ಲಿನಲ್ಲಿ ಅಮಾಲ್ಥಿಯಾಳ ಕೊಂಬು ಆದಳು. ಯಹೂದಿಗಳ ಧರ್ಮಗ್ರಂಥ ಟಾಲ್ಮಡ್‌ನ ಬಾವಾ ಬತ್ರಾ ಭಾಗದಲ್ಲಿ ಅವರ ಧರ್ಮಗುರುಗಳಾದ ರಬ್ಬಿಗಳೂ ಈ ಹೆಸರಿನ ಬಗ್ಗೆ ಚರ್ಚೆ ಮಾಡಿದ್ದಾರೆ. ಒಂದು ಪಂಗಡ, ಕೆರೆಷ್ ಅನ್ನುವ ಪ್ರಾಣಿಯ ಕೊಂಬಿನ ಹಾಗಿದ್ದಳು ಅಂದಿತು. ಅದು ಹೊಗಳಿಕೆ ಹೇಗಾಗುತ್ತದೆ ಅಂತ ಉಳಿದವರು ನಕ್ಕರು. ರಬ್ಬಿ ಹಿಸ್ದಾ ಕೇಸರಿ ಹೂವಿನ ಕಡೆಗೆ ಅರ್ಥ ತಿರುಗಿಸಿದ. ನಮ್ಮ ಕನ್ನಡದ ಅನುವಾದಕರು ಹೆಸರನ್ನು ಹೆಸರಾಗಿಯೇ ಬಿಟ್ಟರು. ಅದು ಸರಿಯೇ. ಆದರೆ ಅದರಿಂದ ಕನ್ನಡದ ಓದುಗರಿಗೆ ಕಿವಿಯಲ್ಲಿ ಸದ್ದು ಮಾತ್ರ ಉಳಿಯಿತು, ಕಾಡಿಗೆ ಕಾಣಿಸಲಿಲ್ಲ.

ಹೆಸರಿಟ್ಟ ವಚನದ ಮುಂದಿನ ವಚನ ಓದದೆ ಈ ಮಾತು ಮುಗಿಸಲಾಗುವುದಿಲ್ಲ. ಯೋಬನ ಹೆಣ್ಣುಮಕ್ಕಳಷ್ಟು ಸುಂದರಿಯರು ದೇಶದಲ್ಲೆಲ್ಲೂ ಇರಲಿಲ್ಲ, ಅವರ ತಂದೆ ಅವರಿಗೆ ಅಣ್ಣತಮ್ಮಂದಿರ ಜೊತೆಗೇ ಆಸ್ತಿಯಲ್ಲಿ ಪಾಲು ಕೊಟ್ಟನು. ಇದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು ಅಂತ ತಿಳಿಯಲು ಅರಣ್ಯಕಾಂಡದ 27ನೇ ಅಧ್ಯಾಯ ನೋಡಬೇಕು. ಅಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಆಸ್ತಿ ಕೇಳುತ್ತಾರೆ. ಅವರಿಗೆ ಸಿಗುತ್ತದೆ. ಯಾಕೆ ಅಂದರೆ ಚಲ್ಪಹಾದನಿಗೆ ಗಂಡುಮಕ್ಕಳೇ ಇರಲಿಲ್ಲ. ಯೋಬನಿಗೆ ಏಳು ಜನ ಇದ್ದರು. ಆದರೂ ಕೊಟ್ಟ.

ಮುಂದೆ ಬಂದವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು. ಕ್ರಿಸ್ತನ ಕಾಲದ ಆಸುಪಾಸಿನಲ್ಲಿ ಗ್ರೀಕ್‌ನಲ್ಲಿ ಬರೆದ ಯೋಬನ ಮರಣಶಾಸನ ಅನ್ನುವ ಒಂದು ಕಥೆ ಇದೆ. ಬೈಬಲ್ಲಿಗೆ ಸೇರಿದ್ದಲ್ಲ. ಅದರಲ್ಲಿ ಯೋಬ ಸಾಯುವ ಮೊದಲು ಆಸ್ತಿಯನ್ನೆಲ್ಲ ಏಳು ಗಂಡುಮಕ್ಕಳಿಗೆ ಹಂಚಿಬಿಡುತ್ತಾನೆ. ಹೆಣ್ಣುಮಕ್ಕಳು ನೊಂದು ಕೇಳುತ್ತಾರೆ, ಅಪ್ಪಾ, ನಾವೂ ನಿನ್ನ ಮಕ್ಕಳಲ್ಲವೇ? ನಿಮಗೆ ಇದಕ್ಕಿಂತ ಒಳ್ಳೆಯದು ಇಟ್ಟಿದ್ದೇನೆ ಅಂತ ಅವನು ಮೂರು ಬಣ್ಣಬಣ್ಣದ ದಾರ ತರಿಸಿ ಕೊಡುತ್ತಾನೆ. ಇದರಿಂದ ಜೀವನ ನಡೆಯುತ್ತದಾ ಅಂತ ನಡುವಿನವಳು ನೇರವಾಗಿಯೇ ಕೇಳುತ್ತಾಳೆ. ದಾರ ಕಟ್ಟಿಕೊಂಡ ಕೂಡಲೇ ಅವರ ಮನಸ್ಸು ಬದಲಾಗಿ ದೇವದೂತರ ಭಾಷೆಯಲ್ಲಿ ಹಾಡುತ್ತಾರೆ. ಅಮಾಲ್ಥಿಯಾಳ ಕೊಂಬು, ಅಂದರೆ ನಮ್ಮ ಕೆರೆನ್ ಹಪ್ಪೂಕ್, ಕೆರೂಬಿಗಳೆಂಬ ದೇವದೂತರ ಭಾಷೆಯಲ್ಲಿ ಹಾಡುತ್ತಾಳೆ, ಅಪ್ಪ ಅವಳ ಕೈಗೆ ಚರ್ಮವಾದ್ಯ ಕೊಡುತ್ತಾನೆ. ಹಾಡು ಚೆನ್ನಾಗಿದೆ. ಆದರೆ ಮೂಲದಲ್ಲಿದ್ದ ಹೊಲದ ಪಾಲು ಇಲ್ಲಿ ಮಾಯವಾಗಿದೆ.

ಈ ಕಥೆ ನಮಗೆ ಹೊಸದೇನಲ್ಲ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಏನಾದರೂ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಯೋಬನ ಗ್ರಂಥವನ್ನು ಸಭೆಯಲ್ಲಿ ಓದುವ ಕ್ರೈಸ್ತರ ಕಥೆಯೂ ಬೇರೆಯಲ್ಲ. ತಿರುವಾಂಕೂರಿನ ಕಾಯ್ದೆಯಲ್ಲಿ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದು ಹೋಯಿತು. ಅಷ್ಟು ವರ್ಷ ಈ ವಚನ ಅದೇ ಪುಸ್ತಕದಲ್ಲಿ, ಅದೇ ಪುಟದಲ್ಲಿ ಇತ್ತು. ಮಗಳಿಗೆ ಈ ಹೆಸರಿಡುವವರು ಪಹಣಿಯಲ್ಲೂ ಅವಳ ಹೆಸರು ಸೇರಿಸಬೇಕು ಅಂತ ನಾನು ಹೇಳುವುದು ಇದಕ್ಕೇ.

ಹೆಸರು ಬಳಕೆಗೆ ಬಂದದ್ದು ಹೇಗೆ? ಯುರೋಪಿನಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಯ ನಂತರ ಬೈಬಲ್ ಇಂಗ್ಲಿಷಿನಲ್ಲಿ ಮನೆಮನೆಗೆ ಬಂತು. ಸಂತರ ಹೆಸರು ಬೇಡ ಅಂದ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರಾದ ಪ್ಯೂರಿಟನ್ನರು ಹಳೆಯ ಒಡಂಬಡಿಕೆಯಲ್ಲಿ ಹೆಸರು ಹುಡುಕಿದರು. ಮೂವರು ಹೆಣ್ಣುಮಕ್ಕಳಾದರೆ ಯೋಬನ ಮಕ್ಕಳ ಹೆಸರು ವರಸೆಯಾಗಿ ಇಡುವ ರೂಢಿಯೂ ಬಂತು. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ಕೊನೆಯ ತಂಗಿ ಕೆಜಿಯಾ. ಕೆರೆನ್ ಹಪ್ಪೂಕ್ ಅಲ್ಲೊಬ್ಬಳು ಇಲ್ಲೊಬ್ಬಳು. ಚರ್ಚಿನ ದಾಖಲೆಗಳಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿದ್ದಾನೆ.

ಇವರಲ್ಲಿ ಒಬ್ಬಳಿಗೆ ಪ್ರತಿಮೆಯೇ ಇದೆ. ಅಮೆರಿಕದ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಗಿಲ್ಫರ್ಡ್ ಕೋರ್ಟ್‌ಹೌಸ್ ಅನ್ನುವ ಯುದ್ಧಭೂಮಿ. 1781ರ ಮಾರ್ಚ್ 15ರಂದು ಅಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೇನೆಗೂ ಗ್ರೀನ್‌ನ ಅಮೆರಿಕನ್ ಸೇನೆಗೂ ಕಾಳಗ. ಹತ್ತು ವರ್ಷದ ನಂತರ ಬೆಂಗಳೂರು ಕೋಟೆಯ ಮೇಲೆ ಬಿದ್ದ ಕಾರ್ನ್‌ವಾಲಿಸ್ ಇವನೇ. ಕೆರೆನ್ ಹಪ್ಪೂಕ್ ಟರ್ನರ್ ಎಂಬ ತಾಯಿ ಮೇರಿಲ್ಯಾಂಡಿನ ತನ್ನ ಮನೆಯಿಂದ ಕುದುರೆ ಏರಿ ಬಂದು, ಈ ಕಾಳಗದಲ್ಲಿ ಗಾಯಗೊಂಡ ಮಗನನ್ನು ಆರೈಕೆ ಮಾಡಿ ಉಳಿಸಿಕೊಂಡಳು ಅಂತ ಅಲ್ಲಿನ ಕಲ್ಲಿನ ಮೇಲೆ ಬರೆದಿದೆ. ಪ್ರತಿಮೆ ನಿಲ್ಲಿಸಿದ್ದು 1902ರಲ್ಲಿ. ವಂಶದವರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆ ಅದು, ಹಾಗಾಗಿ ಅದರ ಒಂದೊಂದು ವಿವರವನ್ನೂ ಇತಿಹಾಸ ಅಂತ ನಾನು ಹೇಳುವುದಿಲ್ಲ. ಆದರೆ ಆ ಉದ್ದದ ಹೆಸರು ಕಲ್ಲಿನ ಮೇಲೆ ಪೂರ್ತಿ ಇದೆ.

ಚಿತ್ರ ನೋಡುವ ಆಸಕ್ತಿ ಇದ್ದವರು ವಿಲಿಯಂ ಬ್ಲೇಕ್ ಯೋಬನ ಕಥೆಗೆ ಕೊರೆದ ಚಿತ್ರಗಳನ್ನು ನೋಡಿ. 1826ರಲ್ಲಿ ಪ್ರಕಟವಾದವು. ಇಪ್ಪತ್ತನೆಯ ಚಿತ್ರದಲ್ಲಿ ಯೋಬ ಎರಡೂ ತೋಳು ಚಾಚಿ ನಡುವೆ ಕೂತಿದ್ದಾನೆ. ಮೂವರು ಹೆಣ್ಣುಮಕ್ಕಳು ಅವನಿಗೆ ಅಂಟಿಕೊಂಡಿದ್ದಾರೆ. ಹಿಂದಿನ ಗೋಡೆಯ ಮೇಲೆ ಅವನ ಕಷ್ಟಗಳೆಲ್ಲ ಚಿತ್ರವಾಗಿವೆ. ಅಪ್ಪ ಹೆಣ್ಣುಮಕ್ಕಳಿಗೆ ತನ್ನ ಕಥೆ ಹೇಳುತ್ತಿದ್ದಾನೆ. ಆಸ್ತಿಯ ಪಾಲಿನ ವಚನವನ್ನು ಬ್ಲೇಕ್ ಆ ಚಿತ್ರದ ಜೊತೆಗೇ ಕೊರೆದಿದ್ದಾನೆ. ಇಷ್ಟು ಸರಿಯಾಗಿ ಈ ಎರಡು ವಚನ ಓದಿದ ಚಿತ್ರಕಾರ ಇನ್ನೊಬ್ಬ ನನಗೆ ಕಂಡಿಲ್ಲ.

ನಮ್ಮ ದಕ್ಷಿಣದ ಕ್ರೈಸ್ತ ಮನೆಗಳಲ್ಲಿ ಈಗ ಕೆರೆನ್ ಅನ್ನುವ ಹುಡುಗಿಯರು ಸಿಗುತ್ತಾರೆ. ಹಪ್ಪೂಕ್ ಸೇರಿಸಿ ಇಟ್ಟವರೂ ಇದ್ದಾರೆ, ಕಡಿಮೆ. ಇಡಬೇಕು ಅಂದುಕೊಂಡವರಿಗೆ ನನ್ನ ಸಲಹೆ ಇಷ್ಟು. ದೀಕ್ಷಾಸ್ನಾನದ ದಿನವೇ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ ಅಂತ ತೀರ್ಮಾನ ಮಾಡಿ. ಎರಡು ಪದವೋ ಒಂದೋ ಅನ್ನುವುದು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ಥರ ಇರಲಿ, ಇಲ್ಲದಿದ್ದರೆ ಆ ಮಗು ಮುಂದೆ ಅಫಿಡವಿಟ್ ಮಾಡಿಸುತ್ತ ಓಡಾಡಬೇಕಾಗುತ್ತದೆ. ಹೀಬ್ರೂವಿನಲ್ಲಿ ಕೊನೆಯ ಅಕ್ಷರ ಗಂಟಲಿನಿಂದ ಬರುವ ಖ್, ಉರ್ದುವಿನ ಖ಼ುದಾದಲ್ಲಿರುವ ಹಾಗೆ. ನಾವು ಕ್ ಅಂದರೂ ತಪ್ಪಿಲ್ಲ. ಮನೆಯಲ್ಲಿ ಕರೆಯುವಾಗ ಕೆರೆನ್ ಅಂತಲೇ ಕರೆಯಿರಿ, ಪರವಾಗಿಲ್ಲ. ಆದರೆ ದಾಖಲೆಯಲ್ಲಿ ಪೂಕ್ ಬಿಡಬೇಡಿ. ಆ ಹುಡುಗಿ ಶಾಲೆಯಿಂದ ಬಂದು, ನನ್ನ ಹೆಸರಿಗೆ ಏನಮ್ಮ ಅರ್ಥ ಅಂತ ಕೇಳಿದಾಗ 16ನೇ ಅಧ್ಯಾಯ ಮೊದಲು ಓದಿ, ಆಮೇಲೆ 42ನೆಯದು.